ಬಳಸುವ ಮುನ್ನ

ಕೂಡ್ಲಿಗಿ
೧೨ ಆಗಸ್ಟ್ ೨೦೨೪

ಯಶೂ,

ಜೈಭೀಮ್. ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. 'ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ' ಎಂದು ಶುರು ಮಾಡಲು ನಾಚಿಕೆಯಾಗುತ್ತದೆ. ಬಾಗಲಕೋಟೆಯ ನಿನ್ನ ಆಫೀಸಿನ ವಿಳಾಸವನ್ನು ಹಡಗಲಿಯ ನಿನ್ನ ಮಾಳಮ್ಮತ್ತೆ ಕೊಟ್ಟಳು. ಫೋನ್ ನಂಬರನ್ನೂ ಕೇಳಿದೆ. "ನಂಬರ್ ಕೊಡಬ್ಯಾಡ ಅಂದಾಳ ತಮ್ಮಾ ನಿನ್ನ ಮಗಳು. ವಿಳಾಸ ಕೊಡಬ್ಯಾಡ ಅಂತೇನೂ ಅಂದಿಲ್ಲ" ಅಂದಳು. ನನ್ನ ಅಕ್ಕ ವಕೀಲಿ ಓದಬೇಕಿತ್ತು.

ವಿಷಯ ಇಷ್ಟು. ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕರಿಸಿದ್ದಪ್ಪನವರ ಶೇಂಗಾ ಗೋದಾಮು ಇದೆಯಲ್ಲ, ಅದನ್ನು ಕೆಡವುತ್ತಾರೆ. ಅಲ್ಲಿ ಅಂಗಡಿ ಸಾಲು ಏಳುತ್ತದಂತೆ. ಯುಗಾದಿವರೆಗೆ ಮುಟ್ಟುವುದಿಲ್ಲ ಎಂದು ಅವರೇ ಹೇಳಿದರು. ಯಾವ ಗೋಡೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಬೆಳ್ಳಿಮುಖ ಕ್ರೀಮಿನ ಜಾಹೀರಾತು ಬರೆದ ಗೋಡೆ. ಆ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು, ನಾನು ಹಚ್ಚಿದ ಬಣ್ಣ ಇನ್ನೂ ನಿಂತಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಕೆಡವುವುದರೊಳಗೆ ನೀನು ಒಂದು ಸಲ ಬಂದು ಆ ಗೋಡೆ ನೋಡಬೇಕು. ನನ್ನನ್ನು ನೋಡದಿದ್ದರೂ ನಡೆಯುತ್ತದೆ.

ಗೋಡೆಯ ಕೆಲಸ ಈಗಿಲ್ಲ. ಫ್ಲೆಕ್ಸ್ ಬಂದ ಮೇಲೆ ಗೋಡೆ ಬರೆಯುವವನನ್ನು ಯಾರು ಕೇಳುತ್ತಾರೆ? ಟ್ರ್ಯಾಕ್ಟರಿನ ನಂಬರ್ ಬರೆಯುತ್ತೇನೆ, ಅಂಗನವಾಡಿಗೆ ಗಿಳಿ, ಮಾವಿನಹಣ್ಣು ಬರೆಯುತ್ತೇನೆ. ಮೊನ್ನೆ ಹರಪನಹಳ್ಳಿಗೆ ಹೋದಾಗ ನಮ್ಮ ಸಿಮೆಂಟ್ ಜಾಹೀರಾತಿನ ಗೋಡೆ ಇದ್ದ ಜಾಗ ನೋಡಿದೆ. ನೆನಪಿದೆಯಾ? ಬರೀ ಗೋಡೆಯ ಮೇಲೆ ಅರ್ಧ ತೆರೆದ ಬಾಗಿಲು ಬರೆದಿದ್ದೆ. ಗೋಡೆಗೆ ಮೂಗು ತಾಗಿಸಿ ನಿಂತ ನನಗೆ ಬಾಗಿಲು ಕಾಣುತ್ತಿರಲಿಲ್ಲ, ಬರೀ ವಕ್ರ ಗೆರೆ. ರಸ್ತೆಯಾಚೆ ನಿಂತು ನೀನು ಕೂಗಬೇಕು, "ಮ್ಯಾಲ... ಇನ್ನೊಂಚೂರು ಬಲಕ್ಕ..." ಎಲ್ಲ ಗೆರೆಯೂ ಸೇರಿ ಗೋಡೆ ಬಾಗಿಲಾದ ಕೂಡಲೇ "ಕೂಡ್ತು!" ಅನ್ನಬೇಕು. ಅವತ್ತು ನೀನು ಕೂಗುವ ಮುಂಚೆಯೇ ಒಂದು ಹೋತ ಆ ಬಾಗಿಲೊಳಗೆ ನುಗ್ಗಲು ಹೋಗಿ ಕೊಂಬು ಬಡಿದುಕೊಂಡಿತು. ನೀನು ನಕ್ಕು ನಕ್ಕು ರಸ್ತೆಯಲ್ಲೇ ಕುಳಿತುಬಿಟ್ಟೆ. ಎಂಟು ವರ್ಷ ನಿನಗೆ.

ನಿನ್ನ ತಾಯಿ ರಮಾ ಹೋದ ಮೇಲೆ ನಿನ್ನನ್ನು ಎಲ್ಲಿ ಬಿಡಬೇಕೋ ತಿಳಿಯದೆ ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನೀನು ನನ್ನ ಕಣ್ಣಾದೆ.

ನಿನ್ನ ಅಪ್ಪ
ಭೀಮರಾಜ


ಬಾಗಲಕೋಟೆ
೨ ಸೆಪ್ಟೆಂಬರ್ ೨೦೨೪

ಅಪ್ಪನವರಿಗೆ,

ನಿಮ್ಮ ಪತ್ರ ತಲುಪಿದೆ. ಲಕೋಟೆಯ ಮೇಲೆ ನೀವು ಬರೆದ ನನ್ನ ಹೆಸರನ್ನು ಇಡೀ ಆಫೀಸು ನೋಡಿತು. "ಇದು ಪ್ರಿಂಟ್ ಅಲ್ಲ, ಕೈಲೆ ಬರೆದದ್ದು ಅಂದ್ರ ಯಾರು ನಂಬ್ತಾರ್ರಿ!" ಎಂದು ಸಹೋದ್ಯೋಗಿ ವಾಣಿಶ್ರೀ ಅದನ್ನು ತನ್ನ ಮೇಜಿನ ಮೇಲಿನ ಬೋರ್ಡಿಗೆ ಚುಚ್ಚಿಟ್ಟುಕೊಂಡಿದ್ದಾಳೆ. ಬರೆದವರು ಯಾರು ಎಂದು ಕೇಳಿದಳು. ಪರಿಚಯದ ಪೇಂಟರ್ ಎಂದೆ.

ನನ್ನ ಕೆಲಸ ತೂಕ ಮತ್ತು ಅಳತೆಯ ಇಲಾಖೆಯಲ್ಲಿ. ಅಂಗಡಿಗಳಿಗೆ ಹೋಗಿ ತಕ್ಕಡಿ, ಪೊಟ್ಟಣ, ಬಾಟಲಿ ಪರೀಕ್ಷಿಸುವುದು. ಬಾಟಲಿ ಎತ್ತರಕ್ಕಿರುತ್ತದೆ, ತಳ ಒಳಕ್ಕೆ ಉಬ್ಬಿರುತ್ತದೆ. ಡಬ್ಬಿಯ ಮೇಲಿನ ಬಿಸ್ಕೀಟಿನ ಚಿತ್ರ ಒಳಗಿನ ಬಿಸ್ಕೀಟಿನ ಎರಡರಷ್ಟಿರುತ್ತದೆ. ಹಸಿರು ಕಿತ್ತಳೆಯನ್ನು ಕೆಂಪು ಬಲೆಯ ಚೀಲದಲ್ಲಿಟ್ಟರೆ ಹಣ್ಣಾದಂತೆ ಕಾಣುತ್ತದೆ. ಅದನ್ನು ಹಿಡಿಯಲು ನಮ್ಮಲ್ಲಿ ಕಾಯಿದೆ ಇಲ್ಲ, ಆದರೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕಣ್ಣಿಗೆ ಮಣ್ಣೆರಚುವ ವಿದ್ಯೆಯನ್ನೆಲ್ಲ ನಾನು ಚಿಕ್ಕವಳಿದ್ದಾಗಲೇ ಕಲಿತಿದ್ದೆ ಎಂದು ಇಲ್ಲಿ ಯಾರಿಗೂ ಹೇಳಿಲ್ಲ.

ಆ ಗೋಡೆಯನ್ನು ನೋಡಲು ನಾನು ಬರುವುದಿಲ್ಲ. ಒಂದು ಸಲ ನೋಡಿದ್ದೇನೆ.

ಏಳನೇ ಕ್ಲಾಸು. ಆಗ ನಾವು ಕೊಟ್ಟೂರಿನಲ್ಲೇ ಬಾಡಿಗೆಗಿದ್ದೆವು. ನನಗೆ ಪರೀಕ್ಷೆ ಎಂದು ಎಂಟು ದಿನ ನೀವೊಬ್ಬರೇ ಕೆಲಸಕ್ಕೆ ಹೋದಿರಿ. ಭಾನುವಾರ ಹೊಸ ಫ್ರಾಕ್ ಹಾಕಿಸಿ, ಕಣ್ಣು ಮುಚ್ಚಿಸಿ, ಪಾಲಾಕ್ಷಪ್ಪನ ಮಂಡಕ್ಕಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ನಿಲ್ಲಿಸಿದಿರಿ. ಕಣ್ಣು ತೆರೆದರೆ ಎದುರು ಗೋಡೆಯ ತುಂಬ ನಾನು. ಎಡಗಡೆ ಕಪ್ಪು ಮುಖದ ನಾನು, ಕೆಳಗೆ 'ಬಳಸುವ ಮುನ್ನ.' ಬಲಗಡೆ ಬೆಳ್ಳಗಿನ ನಾನು, 'ಬಳಸಿದ ನಂತರ.' ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ, 'ಕೂಡ್ತು' ಎನ್ನುತ್ತೇನೆಂದು. ನಾನು ಏನೂ ಅನ್ನಲಿಲ್ಲ.

ಮರುದಿನದಿಂದ ಶಾಲೆಯಲ್ಲಿ ನನ್ನ ಹೆಸರು ಮುನ್ನ. "ಏಯ್, ಮುನ್ನ ಬಂದ್ಲು." ಹಾಜರಿ ಕೂಗುವ ಮೇಷ್ಟ್ರೂ ನನ್ನ ನಂಬರ್ ಬಂದಾಗ ನಗುತ್ತಿದ್ದರು. ನಿಮಗೆ ಗೊತ್ತಿಲ್ಲದ ಇನ್ನೊಂದು ಮಾತು ಹೇಳುತ್ತೇನೆ. ನಾನೂ ಆ ಕ್ರೀಮು ಹಚ್ಚಿಕೊಂಡೆ. ಮೂರು ತಿಂಗಳು, ನೀವು ಕೆಲಸಕ್ಕೆ ಹೋದ ಮೇಲೆ, ಕದ ಹಾಕಿಕೊಂಡು. ಏನೂ ಆಗಲಿಲ್ಲ. ಆಮೇಲೆಯೇ ನಾನು ಹಗರಿಬೊಮ್ಮನಹಳ್ಳಿಯ ಹಾಸ್ಟೆಲಿಗೆ ಹೋಗುತ್ತೇನೆಂದು ಹಟ ಹಿಡಿದದ್ದು.

ಗೋಡೆ ಬೀಳಲಿ.

ಯಶೋಧರಾ


ಕೂಡ್ಲಿಗಿ
೨೦ ಸೆಪ್ಟೆಂಬರ್ ೨೦೨೪

ಯಶೂ,

'ನೀವು' ಎಂದು ಬರೆದಿದ್ದೀಯ. ಯಾರದೋ ನೋಟೀಸು ತಪ್ಪಿ ನನ್ನ ಮನೆಗೆ ಬಂತೇನೋ ಅಂದುಕೊಂಡೆ. ಎರಡನೇ ಸಲ ಓದಿದ ಮೇಲೆ ತಮಾಷೆ ಸಾಕಾಯಿತು. ಕ್ರೀಮು ಹಚ್ಚಿಕೊಂಡೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಎರಡು ದಿನ ಅನ್ನ ಸೇರಲಿಲ್ಲ. ಹಾಸ್ಟೆಲಿಗೆ ಹೋಗುವ ಹಟ ಓದಿನ ಆಸೆ ಎಂದುಕೊಂಡಿದ್ದೆ. ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ನನ್ನ ಮಗಳಿಗೆ ಓದಿನ ಹುಚ್ಚು ಎಂದು.

ನನ್ನ ಮಾತನ್ನೂ ಕೇಳು. ಹದಿಮೂರು ವರ್ಷ ಯಾರಿಗೂ ಹೇಳಿಲ್ಲ.

ಕಂಪನಿಯ ಏಜೆಂಟ ಒಂದು ಫೋಟೋ ಕೊಟ್ಟಿದ್ದ. ಹಾಲಿನಲ್ಲಿ ಅದ್ದಿ ತೆಗೆದಂಥ ಹುಡುಗಿ. ನಾನು ಇಪ್ಪತ್ತು ವರ್ಷದಿಂದ ಈ ಸುತ್ತಲಿನ ಊರುಗಳ ಗೋಡೆ ಬರೆದವನು. ಸೋಪು, ಸೀರೆ, ಚಹಾಪುಡಿ, ಎಲ್ಲದಕ್ಕೂ ಅದೇ ಹುಡುಗಿ. ನಮ್ಮ ಬಣ್ಣದ ಒಂದು ಹುಡುಗಿಯ ಮುಖ ಯಾವ ಗೋಡೆಯ ಮೇಲೂ ನಾನು ಬರೆದಿರಲಿಲ್ಲ, ಬೇರೆಯವರು ಬರೆದದ್ದನ್ನು ಕಂಡಿರಲೂ ಇಲ್ಲ. ನನ್ನ ಮಗಳ ಮುಖ ಬರೆಯುತ್ತೇನೆ ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅನ್ನಲಿ. ಏಜೆಂಟ ನಕ್ಕ. "ಬರಿ, ನಮಗೇನು? ಎಡಕ್ಕ ಕರ್ರಗ ಇರಬೇಕು, ಬಲಕ್ಕ ಬೆಳ್ಳಗ ಇರಬೇಕು, ಅಷ್ಟ" ಅಂದ.

ನಿನ್ನನ್ನು ಬೆಳ್ಳಗೆ ಬರೆಯಲು ನನ್ನ ಕೈ ಏಳಲಿಲ್ಲ, ಯಶೂ. ಕಪ್ಪಗೆ ಬರೆಯಲೂ ಏಳಲಿಲ್ಲ. ಒಂದೇ ಡಬ್ಬಿಯಲ್ಲಿ ಬಣ್ಣ ಕಲಸಿದೆ. ಗೋಲ್ಡನ್ ಬ್ರೌನಿಗೆ ಬಿಳಿ, ತೊಟ್ಟು ಕೆಂಪು, ಸೂಜಿಮೊನೆಯಷ್ಟು ಕಪ್ಪು. ನಿನ್ನ ತಾಯಿಯ ಬಣ್ಣ ಅದು, ನಿನ್ನದೂ ಅದೇ. ಅದೇ ಡಬ್ಬಿ, ಅದೇ ಬ್ರಷ್ಷಿನಿಂದ ಎರಡೂ ಮುಖ ತುಂಬಿಸಿದೆ. ಎಡಗಡೆಯ ಮುಖದ ಸುತ್ತ ಅಚ್ಚ ಬಿಳಿ ಹಚ್ಚಿದೆ, ಬಲಗಡೆಯದರ ಸುತ್ತ ಕಡುನೀಲಿ. ಬಿಳಿಯ ನಡುವೆ ಇಟ್ಟದ್ದು ಕಪ್ಪಾಗಿ ಕಾಣುತ್ತದೆ, ಕತ್ತಲ ಬಣ್ಣದ ನಡುವೆ ಇಟ್ಟದ್ದು ಬೆಳ್ಳಗೆ ಕಾಣುತ್ತದೆ. ವ್ಯತ್ಯಾಸ ಸುತ್ತಲಿನದು, ಮುಖದ್ದಲ್ಲ. ಏಜೆಂಟ ರಸ್ತೆಯಾಚೆ ನಿಂತು ನೋಡಿ ಭೇಷ್ ಎಂದು ಬೆನ್ನು ತಟ್ಟಿ ಹೋದ. ಅವನು ಹೇಳಿದಂತೆಯೂ ಮಾಡಿದೆ, ನನ್ನ ಮಗಳನ್ನು ಒಂದು ಕೂದಲೆಳೆಯಷ್ಟೂ ಬದಲಿಸಲಿಲ್ಲ ಎಂದು ಒಳಗೊಳಗೇ ಬೀಗಿದೆ.

ನೀನು ಎಷ್ಟೋ ಸಲ ನನ್ನ ಕಣ್ಣಾಗಿ ನಿಂತವಳು. ನೋಡಿದ ತಕ್ಷಣ ನಿನಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಅದೇ ನಾನು ಮಾಡಿದ ತಪ್ಪು.

ನಂಬು ಎನ್ನುವುದಿಲ್ಲ. ಬಂದು ನೋಡು.

ನಿನ್ನ ಅಪ್ಪ


ಕೂಡ್ಲಿಗಿ
೧೦ ಡಿಸೆಂಬರ್ ೨೦೨೪

ಯಶೂ,

ಎರಡೂವರೆ ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ಪೋಸ್ಟ್‌ಮನ್ ಗವಿಸಿದ್ದೇಶ್ ನಮ್ಮ ಓಣಿಯ ತುದಿಯಲ್ಲಿ ಸೈಕಲ್ ಇಳಿಯುವ ಮುಂಚೆಯೇ ನನ್ನನ್ನು ನೋಡಿ ತಲೆ ಅಲ್ಲಾಡಿಸುತ್ತಾನೆ. ಪಾಪ, ಅವನಿಗೂ ಬೇಸರ.

ನಿನ್ನೆ ಕೊಟ್ಟೂರಿಗೆ ಹೋಗಿದ್ದೆ, ಸಣ್ಣ ಕೆಲಸವಿತ್ತು. ನಿನ್ನೆ ಏನು ದಿನ ಎಂದು ನಾನು ಬರೆಯಬೇಕಿಲ್ಲ. ಇಪ್ಪತ್ತಾರು ತುಂಬಿತು ನಿನಗೆ. ಪಾಯಸ ಮಾಡಿದ್ದೆ, ಸಕ್ಕರೆ ಹೆಚ್ಚಾಯಿತು, ಪಕ್ಕದ ಮನೆಯವರು ಉಂಡರು.

ಈ ಲಕೋಟೆಯಲ್ಲಿ ಒಂದು ರಟ್ಟು ಇಟ್ಟಿದ್ದೇನೆ. ಚಪ್ಪಲಿ ಡಬ್ಬಿಯ ಮುಚ್ಚಳ ಕತ್ತರಿಸಿ ಬೂದು ಬಣ್ಣ ಹಚ್ಚಿ ಎರಡು ತೂತು ಮಾಡಿದ್ದೇನೆ. ಪಾಲಾಕ್ಷಪ್ಪನ ಅಂಗಡಿಯ ಮುಂದಿನ ಕಲ್ಲಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ರಟ್ಟನ್ನು ತೋಳು ಚಾಚಿ ಹಿಡಿ. ಒಂದು ತೂತಿನಲ್ಲಿ ಎಡಗಡೆಯವಳ ಕೆನ್ನೆ ಬರಬೇಕು, ಇನ್ನೊಂದರಲ್ಲಿ ಬಲಗಡೆಯವಳದು. ಸುತ್ತಲಿನ ಬಿಳಿ, ನೀಲಿ ಎಲ್ಲ ರಟ್ಟಿನ ಹಿಂದೆ ಮುಚ್ಚಿಹೋಗುತ್ತದೆ. ಆಗ ಕಾಣುವುದೇ ನಿಜವಾದ ಬಣ್ಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಿನ್ನ ಇಲಾಖೆಯ ಬಾಗಿಲ ಮೇಲೆ ಬರೆಸಬೇಕಾದ ಮಾತು, ಬೇಕಾದರೆ ನಾನೇ ಬಂದು ಬರೆದುಕೊಡುತ್ತೇನೆ.

ತೂತುಗಳ ನಡುವಿನ ಅಂತರ ಅಂದಾಜಿನದು. ನಿನ್ನ ತೋಳು ಈಗ ಎಷ್ಟು ಉದ್ದವಿದೆಯೋ ನನಗೆ ಗೊತ್ತಿಲ್ಲ. ಏಳನೇ ಕ್ಲಾಸಿನ ತೋಳು ಗೊತ್ತು. ಅದಕ್ಕೆ ನಾಲ್ಕು ಬೆರಳು ಸೇರಿಸಿದೆ. ನಾನೇ ಹಿಡಿದು ನೋಡೋಣವೆಂದರೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಲ್ಲ ಬಣ್ಣವೂ ಮಂಜು ಮುಸುಕಿದಂತೆ ಒಂದೇ ಕಾಣುತ್ತದೆ. ಆದ್ದರಿಂದ ಈ ಕೇಸಿನಲ್ಲಿ ನನ್ನ ಸಾಕ್ಷಿ ನಡೆಯುವುದಿಲ್ಲ.

ನಿನ್ನ ಅಪ್ಪ


ಬಾಗಲಕೋಟೆ
೧೮ ಜನವರಿ ೨೦೨೫

ಅಪ್ಪನವರಿಗೆ,

ರಟ್ಟು ತಲುಪಿ ತಿಂಗಳಾಯಿತು. ನನ್ನ ಮೇಜಿನ ಖಾನೆಯಲ್ಲಿತ್ತು. ಮೊನ್ನೆ ವಾಣಿಶ್ರೀ ಏನೋ ಹುಡುಕುತ್ತ ಅದನ್ನು ತೆಗೆದು, ಇದೇನ್ರಿ ಎಂದಳು. ಹೇಳಿದೆ. ಎಲ್ಲ ಹೇಳಿಬಿಟ್ಟೆ, ಪರಿಚಯದ ಪೇಂಟರ್ ಯಾರು ಎನ್ನುವುದನ್ನೂ. ಅವಳು ಅಷ್ಟಕ್ಕೇ ಬಿಡುವ ಹೆಣ್ಣಲ್ಲ. ಒಂದೇ ಕಾಗದದಿಂದ ಎರಡು ಬೂದು ತುಂಡು ಕತ್ತರಿಸಿ, ಒಂದನ್ನು ಬಿಳಿ ಹಾಳೆಯ ಮೇಲೆ, ಒಂದನ್ನು ಕಪ್ಪು ಫೈಲಿನ ಮೇಲೆ ಇಟ್ಟಳು. ಒಂದು ಕಪ್ಪಾಯಿತು, ಒಂದು ಬೆಳ್ಳಗಾಯಿತು. ನನ್ನ ಕಣ್ಣಮುಂದೆ ಕತ್ತರಿಸಿದ ತುಂಡುಗಳು, ಆದರೂ ನಂಬಲು ಆಗಲಿಲ್ಲ. ತೂತಿನೊಳಗಿಂದ ನೋಡಿದಾಗ ಒಂದೇ ಆದವು.

ಹೀಗೂ ಆಗಬಹುದು ಎಂದು ಇದರಿಂದ ಗೊತ್ತಾಯಿತು. ನೀವು ಹಾಗೇ ಮಾಡಿದಿರಿ ಎಂದು ಗೊತ್ತಾಗಲಿಲ್ಲ. ಮಾದರಿ ಸರಿಯಿದೆ ಎಂದು ಮಾಲನ್ನು ಪಾಸು ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಒಂದು ವೇಳೆ ನಿಮ್ಮ ಮಾತು ನಿಜವೇ ಇದ್ದರೂ ನನ್ನ ಸಿಟ್ಟು ಇಳಿಯುವುದಿಲ್ಲ. ನೀವು ಏಜೆಂಟನಿಗೆ ಮೋಸ ಮಾಡಿದಿರಿ ಎಂದು ಬೀಗಿದಿರಿ. ಅವನು ಒಂದು ಗಳಿಗೆ ನೋಡಿ ಹೋದವನು. ದಿನಾ ಆ ಗೋಡೆ ನೋಡಿದವರು ಕೊಟ್ಟೂರಿನ ಜನ. ನನ್ನ ಕ್ಲಾಸಿನ ಮಕ್ಕಳು. ನಾನು. ಡಬ್ಬಿ ಒಂದೇ ಎಂದು ನಿಮಗೊಬ್ಬರಿಗೇ ಗೊತ್ತಿತ್ತು, ಉಳಿದವರೆಲ್ಲ ಕಂಡದ್ದನ್ನೇ ನಂಬಿದೆವು. ನಿಮ್ಮ ಹುಷಾರಿತನದ ಕೂಲಿ ನಾನು ತೆತ್ತೆ.

ಮನೆಗೆ ಅಳುತ್ತ ಬರುತ್ತಿದ್ದ ಹುಡುಗಿಗೆ ಆವತ್ತೇ ಒಂದು ಮಾತು ಹೇಳಲು ನಿಮಗೇನು ಕಷ್ಟವಿತ್ತು?

ಯಶೋಧರಾ


ಕೂಡ್ಲಿಗಿ
೨೩ ಫೆಬ್ರವರಿ ೨೦೨೫

ಯಶೂ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ತಿಂಗಳು ಹಿಡಿಯಿತು. ಬರೆದದ್ದನ್ನೆಲ್ಲ ಹರಿದೆ. ಇದನ್ನು ಹರಿಯುವುದಿಲ್ಲ.

ನೀನು ಅಳುತ್ತ ಬಂದದ್ದನ್ನು ನಾನು ನೋಡಲೇ ಇಲ್ಲ. ನೀನು ಮುಖ ತೊಳೆದುಕೊಂಡು ಕೂರುತ್ತಿದ್ದೆ, ನಾನು ಕೆಲಸ ಮುಗಿಸಿ ಬರುತ್ತಿದ್ದೆ. ಮುಖ ಬರೆಯುವುದೇ ನನ್ನ ಕಸುಬು, ಎದುರಿಗೆ ಕುಳಿತ ಮುಖ ಓದಲು ಬರಲಿಲ್ಲ. ಆ ಭಾನುವಾರ ನೀನು 'ಕೂಡ್ತು' ಎನ್ನಲಿಲ್ಲವಲ್ಲ, ಚಿತ್ರ ಹಿಡಿಸಲಿಲ್ಲ ಎಂದು ನನಗೇ ಸಿಟ್ಟು ಬಂದಿತ್ತು. ಮಗಳು ಕೇಳಲಿ, ಆಮೇಲೆ ಹೇಳೋಣ ಎಂದು ಬಿಗಿದುಕೊಂಡೆ. ನೀನು ಕೇಳಲಿಲ್ಲ. ವರ್ಷ ಕಳೆದ ಮೇಲೆ ಪಾಲಾಕ್ಷಪ್ಪ ಹೇಳಿದ, ನಿನ್ನನ್ನು ಹುಡುಗರು ಏನೆಂದು ಕರೆಯುತ್ತಿದ್ದರು ಎಂದು. ಅಷ್ಟರಲ್ಲಿ ನೀನು ಹಾಸ್ಟೆಲು ಸೇರಿದ್ದೆ. ರಜೆಗೆ ಬಂದಾಗ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ನಾಚಿಕೆ ಅಡ್ಡ ಬಂತು. ಆಮೇಲೆ ರಜೆಗೂ ನೀನು ಹಡಗಲಿಗೆ ಅತ್ತೆಯ ಮನೆಗೇ ಹೋಗತೊಡಗಿದೆ, ಕೊನೆಗೆ ಕಾಗದವೂ ನಿಂತಿತು.

ಹುಷಾರಿತನದ ಕೂಲಿ ನೀನು ತೆತ್ತೆ ಎಂದದ್ದು ಸರಿ. ತಪ್ಪಾಯಿತು, ಮಗಳೇ.

ಯುಗಾದಿ ಮಾರ್ಚ್ ಮೂವತ್ತಕ್ಕೆ. ಮರುದಿನವೇ ಜೆಸಿಬಿ ಬರುತ್ತದೆ. ನೀನು ಬಂದರೆ ನಾನು ಅಲ್ಲಿ ನಿಂತಿರುವುದಿಲ್ಲ. ಮಾಲು ಪರೀಕ್ಷಿಸುವಾಗ ಅಂಗಡಿಯವನು ಪಕ್ಕದಲ್ಲಿ ನಿಂತು ಮಾತಾಡಬಾರದು. ನೋಡಿ, ಅಲ್ಲಿಂದಲೇ ಬಾಗಲಕೋಟೆಯ ಬಸ್ಸು ಹಿಡಿದರೂ ನಾನು ಬೇಸರ ಪಡುವುದಿಲ್ಲ ಎಂದು ಬರೆಯಹೊರಟೆ. ಸುಳ್ಳು. ಬೇಸರ ಪಡುತ್ತೇನೆ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ಪೊರೆಯ ಆಪರೇಷನ್ನಿಗೆ ಡಾಕ್ಟರು ಏಪ್ರಿಲ್ ಕೊಟ್ಟಿದ್ದಾರೆ, ಅದಾದ ಮೇಲೆ ಮೊದಲು ಯಾರ ಮುಖ ನೋಡುತ್ತೇನೋ ಎಂದು ಯೋಚಿಸುತ್ತ ಕೂರುತ್ತೇನೆ.

ನಿನ್ನ ಅಪ್ಪ


ಕೊಟ್ಟೂರು, ಪಾಲಾಕ್ಷಪ್ಪನ ಮಂಡಕ್ಕಿ ಅಂಗಡಿ
೨೭ ಮಾರ್ಚ್ ೨೦೨೫

ಅಪ್ಪಾ,

ಬೆಳಿಗ್ಗೆ ಹನ್ನೊಂದಕ್ಕೆ ಬಸ್ಸಿಳಿದೆ. ಕಲ್ಲು ಅಲ್ಲೇ ಇದೆ. ಹತ್ತಿದೆ. ಅಷ್ಟು ಎತ್ತರದ್ದು ಎಂದುಕೊಂಡಿದ್ದೆ, ಮೊಳಕಾಲುದ್ದವೂ ಇಲ್ಲ.

ಗೋಡೆ ನೋಡಿದೆ. ಹನ್ನೆರಡು ವರ್ಷದವಳಾಗಿ ಹೇಗೆ ಕಂಡಿತ್ತೋ ಹಾಗೇ ಕಂಡಿತು. ಎಡಗಡೆಯವಳು ಕಪ್ಪು, ಬಲಗಡೆಯವಳು ಬೆಳ್ಳಗೆ. ರಟ್ಟು ಹಿಡಿದೆ. ನೀನು ನಾಲ್ಕು ಬೆರಳು ಸೇರಿಸಿದ್ದು ಸಾಲಲಿಲ್ಲ, ಮೊಣಕೈ ಸ್ವಲ್ಪ ಮಡಚಿದಾಗ ಎರಡೂ ಕೆನ್ನೆ ತೂತಿನೊಳಗೆ ಬಂದವು.

ಎರಡೂ ಬೇರೆ ಬೇರೆ ಬಣ್ಣ.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಬೇರೆಯೇ. ಅದೂ ತಿರುಗಾಮುರುಗಾ: ತೂತಿನೊಳಗೆ 'ಬಳಸುವ ಮುನ್ನ' ಬೆಳ್ಳಗಿತ್ತು, 'ಬಳಸಿದ ನಂತರ' ಮಂಕಾಗಿತ್ತು. ಒಂದೇ ಡಬ್ಬಿ ಎಂದಿದ್ದೆ ನೀನು. ಕಲ್ಲಿನಿಂದ ಇಳಿದೆ. ಇಷ್ಟು ದೂರ ಬಂದು ಇನ್ನೊಂದು ಸುಳ್ಳು ನೋಡಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ನಾನು ನಿನ್ನನ್ನು ನಂಬಲು ಆಸೆಪಟ್ಟು ಬಂದಿದ್ದೆ, ಅಪ್ಪಾ. ಅದು ನನಗೆ ಆಗಲೇ ಗೊತ್ತಾದದ್ದು.

ಪಾಲಾಕ್ಷಪ್ಪ ಒಳಗಿನಿಂದ ನೋಡುತ್ತಿದ್ದನಂತೆ. "ಭೀಮರಾಜನ ಮಗಳಲ್ಲೇನವ್ವ ನೀನು? ಬಿಸಲಾಗ ಯಾಕ ನಿಂತಿ, ಒಳಗ ಬಾ" ಎಂದು ಕರೆದು ನೀರು ಕೊಟ್ಟ. ನಾನು ಏನೂ ಕೇಳಿರಲಿಲ್ಲ, ಅವನೇ ಶುರು ಮಾಡಿದ.

"ನಿಮ್ಮಪ್ಪ ವರ್ಷಕ್ಕೊಮ್ಮಿ ಬರ್ತಾನ ನೋಡವ್ವ. ಡಿಸೆಂಬರ್ ಒಂಬತ್ತು. ತಾರೀಖು ತಪ್ಪಿಸಿಲ್ಲ. ಬಕೀಟು, ಸ್ಟೂಲು ನಮ್ಮ ಅಂಗಡೀದ ಇಸ್ಕೊಂತಾನ. ಅರಿವಿ ತೊಯ್ಸಿ ಆ ಎಡಗಡಿ ಮಕ ಒರೆಸ್ತಾನ. ಹಣಿ, ಕಣ್ಣು, ಗಲ್ಲ, ಎಳಿ ಕೂಸಿನ ಮಕ ತೊಳದಂಗ. ಈ ವರ್ಷ ಕಣ್ಣು ಕಾಣವಲ್ವು, ಕೈಲೆ ಮುಟ್ಟಿ ಮುಟ್ಟಿ ಒರೆಸಿದ."

"ಎಡಗಡಿದೊಂದ?" ಎಂದೆ. ನನ್ನ ಬಾಯಿಂದ ಊರಿನ ಮಾತೇ ಬಂತು.

"ಅದೊಂದ. ನಾನೂ ಕೇಳೀನಿ. ಲೇ ಭೀಮ್ಯಾ, ಹೆಂಗೂ ಸ್ಟೂಲು ಹತ್ತೀದಿ, ಇನ್ನೊಂದೂ ಒರೆಸಬಾರ್ದೇನ ಅಂದೆ. 'ಅದಕ್ಕ ಯಾರೂ ನಕ್ಕಿಲ್ಲ ಬಿಡು' ಅಂದ."

ಹದಿನಾಲ್ಕು ವರ್ಷದ ಬಸ್ ಸ್ಟ್ಯಾಂಡಿನ ಧೂಳು ಬಲಗಡೆಯವಳ ಮೇಲೆ ಹಾಗೇ ಕೂತಿದೆ. ನಿನ್ನ ಪರೀಕ್ಷೆಯನ್ನು ನೀನೇ ಕೆಡಿಸಿದ್ದೀಯ, ಗೊತ್ತಾ? ಇಲಾಖೆಯಲ್ಲಾಗಿದ್ದರೆ ನಿನ್ನ ಮೇಲೆ ಕೇಸು ಹಾಕುತ್ತಿದ್ದೆ.

ನಾನೂ ಅದೇ ಬಕೀಟು, ಅದೇ ಸ್ಟೂಲು ಕೇಳಿ ತೆಗೆದುಕೊಂಡೆ. ದುಪಟ್ಟಾ ತೊಯಿಸಿ ಬಲಗಡೆಯವಳ ಕೆನ್ನೆ ಒರೆಸಿದೆ. ನೀರು ಕೆಂಪಗೆ ಇಳಿಯಿತು. ಮೂರು ಬಕೀಟು ಹಿಡಿಯಿತು. ಇಷ್ಟು ವರ್ಷ ಇವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ನೆನೆದು ನಗು ಬಂತು. ಪಾಪದ ಹುಡುಗಿ, ಅವಳ ಮುಖವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಗೋಡೆ ಒಣಗುವ ತನಕ ಕಾದು, ಮತ್ತೆ ಕಲ್ಲು ಹತ್ತಿ, ಒಂದು ಕಣ್ಣು ಮುಚ್ಚಿ, ಮೊಣಕೈ ಮಡಚಿ ರಟ್ಟು ಹಿಡಿದೆ.

ಎರಡು ತೂತು. ಎರಡರಲ್ಲೂ ರಟ್ಟು ಹಿಡಿದ ನನ್ನ ಕೈಯದೇ ಬಣ್ಣ.

ಸಿಟ್ಟು ಪೂರಾ ಹೋಗಿಲ್ಲ, ಒಂದಿಷ್ಟು ಉಳಿದಿದೆ. ಅದನ್ನು ಎದುರಿಗೆ ಕೂತೇ ಆಡಬೇಕು. ಏಪ್ರಿಲಿನ ಆಪರೇಷನ್ನಿಗೆ ರಜೆ ಹಾಕಿದ್ದೇನೆ. ಕೂಡ್ಲಿಗಿ ಬಸ್ಸಿಗೆ ಇನ್ನು ಕಾಲು ಗಂಟೆಯಿದೆ, ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಕಣ್ಣಿಗೆ ಅಕ್ಷರ ಕಾಣದಿದ್ದರೆ ನಾನೇ ಓದಿ ಹೇಳುತ್ತೇನೆ.

ಒಂದು ಮಾತು ಮಾತ್ರ ಈಗಲೇ ಬರೆದುಬಿಡುತ್ತೇನೆ. ರಟ್ಟಿನೊಳಗೆ ನೋಡುತ್ತಿದ್ದಂತೆ ನನಗೆ ಗೊತ್ತಿಲ್ಲದೆಯೇ ಜೋರಾಗಿ ಕೂಗಿಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೋಡೆಯ ಹತ್ತಿರ ನೀನಿರಲಿಲ್ಲ, ನಿನಗೆ ಕೇಳಿಸಿರಲಿಕ್ಕಿಲ್ಲ. ಇನ್ನೊಮ್ಮೆ ಹೇಳುತ್ತೇನೆ.

ಕೂಡ್ತು, ಅಪ್ಪಾ.

ನಿನ್ನ ಕಣ್ಣು
ಯಶೂ